ದಾಳಿಕೋರರ ಸರಾಸರಿ ವಯಸ್ಸು 34 ಎನ್ನುತ್ತಾರೆ. ಹಾಗಾದರೆ ‘ದಾರಿ ತಪ್ಪಿದ ಹುಡುಗರು’ ಎಲ್ಲಿ ಹೋದರು?

ನೀಲಿಶಾಯಿ

ಮೊನ್ನೆ ರಾತ್ರಿ ನಮ್ಮ ಮನೆಯಲ್ಲಿ ಶುರುವಾದ ವಾದ ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿಗೆ ತಂದಿದ್ದೇನೆ. ಟಿವಿಯಲ್ಲಿ ಎಲ್ಲಿಯದೋ ದಾಳಿಯ ಸುದ್ದಿ ಬರುತ್ತಿತ್ತು. ಭಾವ ಕುರ್ಚಿಗೆ ಒರಗಿಕೊಂಡೇ ತೀರ್ಪು ಕೊಟ್ಟರು: “ಮೀಸೆ ಚಿಗುರುವ ವಯಸ್ಸು, ಬಿಸಿ ರಕ್ತ. ಯಾರೋ ತಲೆ ಕೆಡಿಸಿ ಕಳಿಸಿರುತ್ತಾರೆ.” ದಾಳಿ ಮಾಡಿದವನ ವಯಸ್ಸನ್ನು ಸುದ್ದಿಯವರು ಅಷ್ಟರಲ್ಲಿ ಹೇಳಿಯೇ ಇರಲಿಲ್ಲ.

ಇಂಥ ಕಡೆ ಸುಮ್ಮನಿರುವುದು ನನಗೆ ಬರುವುದಿಲ್ಲ. ಹುಡುಕಿದೆ. ಅಮೆರಿಕದ ಅಧ್ಯಕ್ಷರ ಕಾವಲು ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ ತನ್ನ ದೇಶದ ಸಾರ್ವಜನಿಕ ಸ್ಥಳಗಳಲ್ಲಿ 2016ರಿಂದ 2020ರವರೆಗೆ ನಡೆದ 173 ಸಾಮೂಹಿಕ ದಾಳಿಗಳನ್ನು ಒಟ್ಟು ಹಾಕಿ ಅಧ್ಯಯನ ಮಾಡಿದೆ. ದಾಳಿಕೋರರಲ್ಲಿ ತೀರ ಚಿಕ್ಕವರಿಗೆ 14, ತೀರ ದೊಡ್ಡವರಿಗೆ 87. ಸರಾಸರಿ 34. ಬಹುತೇಕ ಎಲ್ಲರೂ ಗಂಡಸರು.

ಮೂವತ್ತನಾಲ್ಕು ಎಂದರೆ ಮೀಸೆ ಚಿಗುರುವ ವಯಸ್ಸಲ್ಲ, ಮೀಸೆಯಲ್ಲಿ ಒಂದೆರಡು ಬಿಳಿ ಕೂದಲು ಕಾಣುವ ವಯಸ್ಸು. ಭಾವನಿಗೆ ತೋರಿಸಿದೆ. “ಅದು ಅಮೆರಿಕದ್ದು” ಎಂದು ಚಾನೆಲ್ ಬದಲಿಸಿದರು. ನಿಮ್ಮ ಅಭಿಪ್ರಾಯ ಏನು? ‘ದಾರಿ ತಪ್ಪಿದ ಹುಡುಗರು’ ಎನ್ನುವುದು ನಾವೇ ಕಟ್ಟಿಕೊಂಡ ಕಥೆಯೇ?

ತಕ್ಕಡಿ

ಮೊದಲು ಒಂದು ತಿದ್ದುಪಡಿ. ಆ 173ರಲ್ಲಿ ಭಯೋತ್ಪಾದನೆ ಒಂದು ಪಾಲು ಮಾತ್ರ. ಕೆಲಸ ಕಳೆದುಕೊಂಡವನು ಕಚೇರಿಗೆ ನುಗ್ಗಿದ್ದು, ಸಂಸಾರದ ಜಗಳ ಬೀದಿಗೆ ಬಂದದ್ದು, ನೆರೆಮನೆಯ ದ್ವೇಷ ಎಲ್ಲವೂ ಅದರಲ್ಲಿವೆ. ಸುಮಾರು ಅರ್ಧದಷ್ಟರ ಹಿಂದೆ ಇದ್ದದ್ದು ಇಂಥ ಸ್ವಂತ ಕುಂದುಕೊರತೆ. ಯಾರನ್ನು ಅಥವಾ ಯಾವ ಸ್ಥಳವನ್ನು ಹೊಡೆಯಬೇಕೆಂದು ಮೊದಲೇ ಆರಿಸಿಕೊಂಡು ಮಾಡುವುದನ್ನು ‘ಗುರಿಯಿಟ್ಟ ಹಿಂಸೆ’ ಎನ್ನುತ್ತಾರೆ. ಭಯೋತ್ಪಾದನೆಗೆ ಅದರ ಮೇಲೆ ಒಂದು ಸಿದ್ಧಾಂತವೂ ಬೇಕು. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ವಯಸ್ಸು ಕೇಳಿದರೆ ಚೀಲದ ವಯಸ್ಸು ಸಿಗುತ್ತದೆ, ಅಷ್ಟೇ.

ಅರೆನಿದ್ದೆ

ನಿಮ್ಮ ಭಾವನವರ ಕಡೆಗೇ ನನ್ನ ಮತ. 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಗುಂಡು ಹಾರಿಸಿದ ಇಬ್ಬರು: 18, 17. 2022ರಲ್ಲಿ ಬಫಲೋದ ಅಂಗಡಿಯಲ್ಲಿ 10 ಜನರನ್ನು ಕೊಂದವನಿಗೆ 18. ಹತ್ತು ದಿನ ಕಳೆದು ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದವನಿಗೂ 18. ಇನ್ನೆಷ್ಟು ಬೇಕು?

ಬೀಜಗಣಿತ

ಮೂವತ್ತೊಂದು ವರ್ಷ ಗಣಿತ ಕಲಿಸಿದವನು ನಾನು. ಸರಾಸರಿಯನ್ನು ಹೀಗೆ ಬಳಸಿದಾಗಲೆಲ್ಲ ಕೈ ಸೀಮೆಸುಣ್ಣ ಹುಡುಕುತ್ತದೆ.

ಅರೆನಿದ್ದೆ ಅವರು ಹೇಳಿದ ಯುವಾಲ್ಡಿಯ 18ನ್ನು ತೆಗೆದುಕೊಳ್ಳಿ. ಅದರ ಪಕ್ಕದಲ್ಲಿ 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನ ಹೋಟೆಲ್ ಕಿಟಕಿಯಿಂದ ಸಂಗೀತ ಕಾರ್ಯಕ್ರಮದ ಜನರ ಮೇಲೆ ಗುಂಡು ಹಾರಿಸಿದವನನ್ನು ಇಡಿ. ಅವನಿಗೆ 64. ಇಬ್ಬರ ಸರಾಸರಿ 41. ಈ ಎರಡು ಘಟನೆಗಳಲ್ಲಿ ನಲವತ್ತೊಂದರ ಆಸಾಮಿ ಯಾರೂ ಇಲ್ಲ. ಹೆರಿಗೆ ವಾರ್ಡನ್ನೂ ವೃದ್ಧರ ವಾರ್ಡನ್ನೂ ಸೇರಿಸಿ ಆಸ್ಪತ್ರೆಯ ಸರಾಸರಿ ವಯಸ್ಸು ತೆಗೆದಂತೆ ಇದು. ಲೆಕ್ಕ ಸರಿ, ಹಾಸಿಗೆಯ ಮೇಲೆ ಮಲಗಿರುವವರು ಮಾತ್ರ ಬೇರೆ.

ಬಗೆಬಗೆಯಾಗಿ ಬಿಡಿಸಿದರೆ ಬೇರೆಯೇ ಚಿತ್ರ ಬರುತ್ತದೆ. ಶಾಲೆಗಳ ಮೇಲಿನ ದಾಳಿಗಳನ್ನು ಅದೇ ಸೀಕ್ರೆಟ್ ಸರ್ವಿಸ್ 2002ರಲ್ಲಿ ಪರಿಶೀಲಿಸಿತ್ತು: 37 ಘಟನೆ, 41 ದಾಳಿಕೋರರು, ವಯಸ್ಸು 11ರಿಂದ 21, ಶೇಕಡಾ 85ರಷ್ಟು ಮಂದಿ 13ರಿಂದ 18ರ ಒಳಗಿನವರು. ಶಾಲೆಗೆ ಶಾಲೆಯ ಮಕ್ಕಳೇ ನುಗ್ಗುತ್ತಾರೆ, ಇದರಲ್ಲಿ ಆಶ್ಚರ್ಯವಿಲ್ಲ. ಗಣ್ಯರನ್ನು ಕೊಂದವರು, ಕೊಲ್ಲಲು ಹೊಂಚು ಹಾಕಿದವರು ಒಟ್ಟು 83 ಮಂದಿಯನ್ನು ಕುರಿತ ಇನ್ನೊಂದು ಅಧ್ಯಯನದಲ್ಲಿ ವಯಸ್ಸು 16ರಿಂದ 73. ಒಂಟಿಯಾಗಿ ಭಯೋತ್ಪಾದನೆಗೆ ಇಳಿದ 119 ಜನರನ್ನು ಪಾಲ್ ಗಿಲ್ ಮತ್ತು ಸಂಗಡಿಗರು 2014ರಲ್ಲಿ ನೋಡಿದಾಗ ಸಿಕ್ಕಿದ್ದು 15ರಿಂದ 69, ಸರಾಸರಿ 33. ಆದರೆ ಗುಂಪು ಕಟ್ಟಿಕೊಂಡು ಹೋಗುವವರ ವಯಸ್ಸು ಇಳಿಯುತ್ತದೆ: ಅಲ್ ಖೈದಾ ಸುತ್ತಲಿನ 172 ಜನರನ್ನು ಮಾರ್ಕ್ ಸೇಜ್‌ಮನ್ ಲೆಕ್ಕ ಹಾಕಿದಾಗ ಸೇರುವ ವಯಸ್ಸಿನ ಸರಾಸರಿ ಸುಮಾರು 26.

ಹೀಗಾಗಿ ನೀಲಿಶಾಯಿ ಅವರೇ, ಭಾವನವರೂ ಗೆಲ್ಲುವುದಿಲ್ಲ, ನೀವೂ ಗೆಲ್ಲುವುದಿಲ್ಲ.

ನಿರ್ವಾಹಕ

ಸಣ್ಣ ವಿನಂತಿ. ಇತ್ತೀಚಿನ ದಾಳಿಕೋರರ ಹೆಸರು ಬರೆಯಬೇಡಿ, ಊರು ಮತ್ತು ವರ್ಷ ಸಾಕು. 2019ರಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರ ಕೊಲೆಯಾದ ಮೇಲೆ ನ್ಯೂಜಿಲೆಂಡಿನ ಅಂದಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ ಕೊಂದವನ ಹೆಸರನ್ನು ತಾನು ಎಂದಿಗೂ ಹೇಳುವುದಿಲ್ಲ ಎಂದು ಸಂಸತ್ತಿನಲ್ಲಿ ಹೇಳಿದ್ದರು. ಇಲ್ಲಿಯೂ ಅದೇ ರೂಢಿ. ಇತಿಹಾಸ ಸೇರಿದವರ ಹೆಸರಿಗೆ ಅಡ್ಡಿಯಿಲ್ಲ.

ಮರುಓದು

ಇತಿಹಾಸಕ್ಕೆ ಅನುಮತಿ ಸಿಕ್ಕಿತು, ಬಿಡುತ್ತೇನೆಯೇ?

1881ರಲ್ಲಿ ರಷ್ಯಾದ ತ್ಸಾರ್, ಅಂದರೆ ಚಕ್ರವರ್ತಿ, ಎರಡನೆಯ ಅಲೆಕ್ಸಾಂಡರ್‌ನನ್ನು ಕೊಂದ ಗುಂಪನ್ನು ನೋಡಿ. ಯೋಜನೆಯ ಮುಖ್ಯಸ್ಥ ಝೆಲ್ಯಾಬೊವ್, ವಯಸ್ಸು ಮೂವತ್ತರ ಹತ್ತಿರ. ಅವನು ಎರಡು ದಿನ ಮೊದಲೇ ಸಿಕ್ಕಿಬಿದ್ದದ್ದರಿಂದ ಅಂದು ಬೀದಿಯಲ್ಲಿ ನಿಂತು ಸನ್ನೆ ಮಾಡಿದವಳು 27ರ ಸೋಫಿಯಾ ಪೆರೊವ್‌ಸ್ಕಯಾ. ಮೊದಲ ಬಾಂಬು ಎಸೆದವನು ರೈಸಕೊವ್, ಅವನಿಗೆ 19. ಯೋಜನೆ ಮಾಡುವವರಿಗೂ ಬಾಂಬು ಹಿಡಿಯುವವರಿಗೂ ಹತ್ತು ವರ್ಷದ ಅಂತರ. ಸಿಕ್ಕಿಬಿದ್ದ ಮೇಲೆ ಎಲ್ಲವನ್ನೂ ಬಾಯಿಬಿಟ್ಟವನೂ ಆ 19ರ ಹುಡುಗನೇ. ಆದರೂ ನೇಣು ತಪ್ಪಲಿಲ್ಲ.

ಈ ಅಂತರ ಮತ್ತೆ ಮತ್ತೆ ಕಾಣುತ್ತದೆ. 2001ರ ಸೆಪ್ಟೆಂಬರ್ 11ರಂದು ವಿಮಾನ ಅಪಹರಿಸಿದ 19 ಜನರಲ್ಲಿ ಹೆಚ್ಚಿನವರು ಇಪ್ಪತ್ತರ ಹರೆಯದವರು, ಅವರ ಮುಂದಾಳಿಗೆ 33. ದೂರದಲ್ಲಿ ಕುಳಿತು ಕಳಿಸಿದ ಬಿನ್ ಲಾಡೆನ್‌ಗೆ 44, ಅವನ ಬಲಗೈ ಜವಾಹಿರಿಗೆ 50. ದಾಳಿಯ ವಯಸ್ಸು ಎಷ್ಟು ಎಂದು ಕೇಳುವವರು ಯಾವ ಮೆಟ್ಟಿಲಿನ ಮೇಲೆ ನಿಂತವರ ವಯಸ್ಸು ಎನ್ನುವುದನ್ನೂ ಹೇಳಬೇಕು.

ಈಗ 1914ರ ಸರಯೇವೊ. ಆಸ್ಟ್ರಿಯಾದ ಯುವರಾಜ ಆರ್ಚ್‌ಡ್ಯೂಕ್ ಫ್ರಾಂಜ್ ಫರ್ಡಿನೆಂಡ್‌ಗೆ ಗುಂಡು ಹಾರಿಸಿದ ಗವ್ರಿಲೊ ಪ್ರಿನ್ಸಿಪ್‌ಗೆ 19. ಆಗಿನ ಆಸ್ಟ್ರಿಯಾದ ಕಾನೂನಿನಂತೆ ಇಪ್ಪತ್ತು ತುಂಬದವರಿಗೆ ಮರಣದಂಡನೆ ಇಲ್ಲ. ಅವನ ಹುಟ್ಟಿದ ದಿನಾಂಕ ಒಂದು ದಾಖಲೆಯಲ್ಲಿ ಜೂನ್, ಇನ್ನೊಂದರಲ್ಲಿ ಜುಲೈ. ಜೂನ್ ನಿಜವಾಗಿದ್ದರೆ ಹತ್ಯೆಯ ದಿನಕ್ಕೆ ಇಪ್ಪತ್ತು ತುಂಬಿರುತ್ತಿತ್ತು. ಒಂದು ಮಹಾಯುದ್ಧಕ್ಕೆ ಕಿಡಿ ಹೊತ್ತಿಸಿದವನ ಕುತ್ತಿಗೆ ಒಬ್ಬ ಗುಮಾಸ್ತನ ಕೈಬರಹದ ಮೇಲೆ ನಿಂತಿತ್ತು. ನ್ಯಾಯಾಲಯ ಜುಲೈ ಒಪ್ಪಿತು, ಇಪ್ಪತ್ತು ವರ್ಷ ಸೆರೆ ವಿಧಿಸಿತು. 1918ರ ಏಪ್ರಿಲ್‌ನಲ್ಲಿ ಕ್ಷಯದಿಂದ ಸೆರೆಮನೆಯಲ್ಲೇ ಸತ್ತ.

ತಕ್ಕಡಿ

ಮರುಓದು ಅವರ ಪ್ರಿನ್ಸಿಪ್‌ಗೆ ನೂರಹತ್ತು ವರ್ಷದ ನಂತರದ ಜೋಡಿ ನನ್ನ ಬಳಿ ಇದೆ. 2024ರ ಜುಲೈ 29, ಇಂಗ್ಲೆಂಡಿನ ಸೌತ್‌ಪೋರ್ಟ್. ಮಕ್ಕಳ ನೃತ್ಯ ತರಗತಿಗೆ ಚಾಕು ಹಿಡಿದು ನುಗ್ಗಿದವನು ಮೂವರು ಹೆಣ್ಣುಮಕ್ಕಳನ್ನು ಕೊಂದ. ಹದಿನೆಂಟು ತುಂಬಲು ಅವನಿಗೆ ಇನ್ನು ಒಂಬತ್ತು ದಿನ ಇತ್ತು. ಆ ಒಂಬತ್ತು ದಿನದಿಂದಾಗಿ, ಸಾಯುವ ತನಕ ಬಿಡುಗಡೆಯೇ ಇಲ್ಲದ ಶಿಕ್ಷೆಯನ್ನು ಅವನಿಗೆ ವಿಧಿಸುವಂತಿರಲಿಲ್ಲ. ಕನಿಷ್ಠ 52 ವರ್ಷ ಒಳಗಿರಬೇಕು ಎಂದು ನ್ಯಾಯಾಧೀಶರು ಹೇಳಿದರು.

ವಯಸ್ಸಿನ ಗೆರೆ ಎಲ್ಲಾದರೂ ಒಂದು ಕಡೆ ಎಳೆಯಲೇಬೇಕು, ಒಪ್ಪುತ್ತೇನೆ. ಆದರೆ ಪ್ರತಿ ದೇಶವೂ ಬೇರೆ ಕಡೆ ಎಳೆದಿದೆ. ಅಪರಾಧದ ಹೊಣೆ ಹೊರುವ ವಯಸ್ಸು ಇಂಗ್ಲೆಂಡಿನಲ್ಲಿ 10, ಜರ್ಮನಿಯಲ್ಲಿ 14. ಸರ್ಬಿಯಾದಲ್ಲಿಯೂ 14. 2023ರ ಮೇ 3ರಂದು ಬೆಲ್‌ಗ್ರೇಡಿನ ಶಾಲೆಯೊಂದರಲ್ಲಿ ಒಂಬತ್ತು ಮಕ್ಕಳನ್ನೂ ಒಬ್ಬ ಕಾವಲುಗಾರನನ್ನೂ ಕೊಂದ ಹುಡುಗನಿಗೆ 13. ಅವನ ಮೇಲೆ ಮೊಕದ್ದಮೆಯೇ ಇಲ್ಲ, ಕಟಕಟೆಯಲ್ಲಿ ನಿಂತವರು ತಂದೆ ತಾಯಿ.

ಮುಂಬೈ ದಾಳಿಯಲ್ಲಿ ಜೀವಂತ ಸಿಕ್ಕ ಕಸಬ್ ಕೂಡ ತಾನು ಅಪ್ರಾಪ್ತ ಎಂದಿದ್ದ. ವೈದ್ಯಕೀಯ ಪರೀಕ್ಷೆ ಮಾಡಿಸಿ, ಇಪ್ಪತ್ತು ದಾಟಿದೆ ಎಂದು ನ್ಯಾಯಾಲಯ ತೀರ್ಮಾನಿಸಿತು. ವಯಸ್ಸು ಎನ್ನುವುದು ಆರೋಪಿಯ ಕೊನೆಯ ಆಯುಧ. ಎಷ್ಟೋ ಸಲ ಅದು ನ್ಯಾಯವಾದ ಆಯುಧವೂ ಹೌದು.

ಅರೆನಿದ್ದೆ

ಮೆದುಳು ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ ಎಂದು ಓದಿದ್ದೇನೆ. ಅಲ್ಲಿಗೆ ಎಲ್ಲದಕ್ಕೂ ಉತ್ತರ ಸಿಕ್ಕಿತಲ್ಲ?

ಮೂರನೆಯ ಬೆಂಚು

ಅಲ್ಲಿಗೆ ಸಿಗುವುದಿಲ್ಲ. ನಾನು ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿ. ಈ ಮೆದುಳಿನ ಮಾತನ್ನು ದಿನಕ್ಕೆರಡು ಬಾರಿ ಕೇಳುತ್ತೇನೆ, ಒಮ್ಮೊಮ್ಮೆ ನಾನೇ ಹೇಳುತ್ತೇನೆ.

ಅದರಲ್ಲಿ ಸತ್ಯ ಇಲ್ಲದಿಲ್ಲ. ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ, ಸಿಗ್ನಲ್ ಹಳದಿಯಾದಾಗ ನಿಲ್ಲಿಸಬೇಕೋ ನುಗ್ಗಬೇಕೋ. ಗೆಳೆಯರು ಪಕ್ಕದಲ್ಲಿದ್ದಾಗ 13ರಿಂದ 16ರ ಮಕ್ಕಳು ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಹೆಚ್ಚು ನುಗ್ಗಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಬೀದಿ ಜಗಳ, ಬೈಕ್ ಪಂದ್ಯ, ಕಳ್ಳತನ ಹದಿಹರೆಯದಲ್ಲಿ ಏರುವುದಕ್ಕೆ ಇದು ಒಳ್ಳೆಯ ವಿವರಣೆ.

ಆದರೆ ನಾವು ಮಾತನಾಡುತ್ತಿರುವುದು ತಿಂಗಳುಗಟ್ಟಲೆ ಯೋಜನೆ ಮಾಡುವವರ ಬಗ್ಗೆ. ಬೀಜಗಣಿತ ಸರ್ ಹೇಳಿದ 41 ಮಂದಿ ಶಾಲಾ ದಾಳಿಕೋರರಲ್ಲಿ ಬಹುತೇಕರು ಮೊದಲೇ ಯೋಚಿಸಿ, ಸಿದ್ಧತೆ ಮಾಡಿಕೊಂಡು ಬಂದವರು. ಹಳದಿ ದೀಪಕ್ಕೆ ನುಗ್ಗಿದವರಲ್ಲ. ಅದೇ ಎಳೆಯ ಮೆದುಳು ಲೋಕದ ಕೋಟಿಗಟ್ಟಲೆ ಹುಡುಗರ ತಲೆಯಲ್ಲಿದೆ, ಅವರು ಚೆಂಡಾಡುತ್ತಿದ್ದಾರೆ.

ಆ ಅಧ್ಯಯನದಲ್ಲಿ ನನಗೆ ಬೇಕಾದದ್ದು ವಯಸ್ಸಿನ ಸಾಲಲ್ಲ, ಅದರ ಕೆಳಗಿನದು. ಶೇಕಡಾ 81ರಷ್ಟು ಘಟನೆಗಳಲ್ಲಿ ಇನ್ನೊಬ್ಬರಾದರೂ, ಹೆಚ್ಚಾಗಿ ಗೆಳೆಯ ಅಥವಾ ಸಹಪಾಠಿ, ಮೊದಲೇ ತಿಳಿದಿದ್ದರು.

ನನ್ನದೇ ಒಂದು ಪ್ರಸಂಗ, ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಹುಡುಗಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ದೂರು ಹೇಳಲಿಲ್ಲ. “ಮಿಸ್, ಒಬ್ಬರು ತಮಾಷೆಗೆ ಬರೆದದ್ದು ತಮಾಷೆಯೇ ಎಂದು ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿದಳು. ಯಾರು, ಏನು ಎಂದು ನಾನು ಕೇಳಲಿಲ್ಲ. ಕುರ್ಚಿ ಎಳೆದು ಕೊಟ್ಟೆ. ಇಪ್ಪತ್ತು ನಿಮಿಷದ ನಂತರ ಹೊರಬಿತ್ತು. ತರಗತಿಯ ಹುಡುಗನೊಬ್ಬನ ವಿಜ್ಞಾನದ ನೋಟ್‌ಪುಸ್ತಕ, ಕೊನೆಯ ಹಾಳೆ, ಏಳು ಹೆಸರು. ಪ್ರತಿ ಹೆಸರಿನ ಮುಂದೆ ಒಂದು ಸಂಖ್ಯೆ, ಎರಡು ಹೆಸರಿಗೆ ಮಾತ್ರ ಕೆಂಪು ಶಾಯಿಯಲ್ಲಿ ಅಡಿಗೆರೆ. ಅವಳ ಹೆಸರು ಅದರಲ್ಲಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತ್ತು, ಏಕೆಂದರೆ ಆ ಹಾಳೆಯನ್ನು ಅವನೇ ಅವಳಿಗೆ ತೋರಿಸಿದ್ದ.

ಹುಡುಗನನ್ನು ಕರೆಸಿದಾಗ ಅವನು ಕೇಳಿದ ಮೊದಲ ಮಾತು “ಅಮ್ಮನಿಗೆ ಹೇಳುತ್ತೀರಾ?” ಮುಂದೆ ಮನೆಯವರನ್ನು ಕರೆಸಿದ್ದು, ಕೆಂಪು ಗೆರೆಯ ಇಬ್ಬರು ಅವನನ್ನು ಎರಡು ವರ್ಷದಿಂದ ಶೌಚಾಲಯದಲ್ಲಿ ಏನೇನು ಮಾಡುತ್ತಿದ್ದರೆಂದು ಹೊರಬಂದದ್ದು, ಆರು ತಿಂಗಳು ಪ್ರತಿ ಗುರುವಾರ ಅವನು ನನ್ನ ಕೋಣೆಗೆ ಬಂದದ್ದು, ಇವೆಲ್ಲ ಬೇರೆ ಕಥೆ. ನಾವು ಏನನ್ನಾದರೂ ತಡೆದೆವೋ ಇಲ್ಲವೋ ನನಗೆ ತಿಳಿಯದು. ಏನೂ ಆಗದಿರುವುದಕ್ಕೆ ಸಾಕ್ಷಿ ಇರುವುದಿಲ್ಲವಲ್ಲ.

ನೀಲಿಶಾಯಿ

ಇದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಭಾವ ಟಿವಿಯ ಧ್ವನಿ ಕಡಿಮೆ ಮಾಡಿದರು. ಅವರ ಮಟ್ಟಿಗೆ ಅದು ದೊಡ್ಡದು.

ಮರುಓದು

ಇಂಥ ಪ್ರಕರಣಗಳಲ್ಲಿ ಸಿಕ್ಕಿಬೀಳುವವರ ವಯಸ್ಸು ಇತ್ತೀಚೆಗೆ ಇಳಿಯುತ್ತಿದೆ ಎನ್ನುವುದನ್ನೂ ಮರೆಯಬಾರದು. ಬ್ರಿಟನ್ನಿನಲ್ಲಿ ಭಯೋತ್ಪಾದನೆಯ ಸಂಬಂಧ ತಾವು ತನಿಖೆ ಮಾಡುತ್ತಿರುವವರಲ್ಲಿ ಶೇಕಡಾ 13ರಷ್ಟು ಮಂದಿ 18ಕ್ಕಿಂತ ಕೆಳಗಿನವರು, ಮೂರು ವರ್ಷದಲ್ಲಿ ಇದು ಮೂರು ಪಟ್ಟಾಗಿದೆ ಎಂದು ಅಲ್ಲಿನ ಗುಪ್ತಚರ ಸಂಸ್ಥೆ ಎಂಐ5ರ ಮುಖ್ಯಸ್ಥರು 2024ರ ಅಕ್ಟೋಬರ್‌ನಲ್ಲಿ ಹೇಳಿದರು. ಕಾರ್ನ್‌ವಾಲ್‌ನ ಒಬ್ಬ ಹುಡುಗ ಬಾಂಬು ತಯಾರಿಕೆಯ ಕೈಪಿಡಿಯನ್ನು ಮೊದಲು ಇಳಿಸಿಕೊಂಡಾಗ ಅವನಿಗೆ 13. ನವನಾಜಿ ಗುಂಪೊಂದರ ಬ್ರಿಟನ್ ಘಟಕಕ್ಕೆ ಅವನೇ ನಾಯಕ, ಅದೂ ಅಜ್ಜಿಯ ಮನೆಯಲ್ಲಿ ಕುಳಿತು. 2024ರಲ್ಲಿ ವಿಯೆನ್ನಾದಲ್ಲಿ ಟೇಲರ್ ಸ್ವಿಫ್ಟ್ ಕಾರ್ಯಕ್ರಮ ರದ್ದಾದಾಗ ಸಿಕ್ಕಿಬಿದ್ದ ಮುಖ್ಯ ಆರೋಪಿಗೆ 19, ಇನ್ನೊಬ್ಬನಿಗೆ 17. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಐದೂ ಸೇರಿ ಕಿರಿಯರ ಉಗ್ರವಾದದ ಬಗ್ಗೆಯೇ ಒಂದು ಪತ್ರ ಹೊರಡಿಸಿದವು.

ಬೀಜಗಣಿತ

ಮರುಓದು ಅವರೇ, ಅಂಕಿ ಸರಿ. ಅದು ಏನನ್ನು ಎಣಿಸಿದ ಅಂಕಿ ಎನ್ನುವುದನ್ನು ನೋಡಿ. ತನಿಖೆಗೆ ಒಳಗಾದವರು, ಬಂಧಿತರು, ಶಿಕ್ಷೆಯಾದವರು, ಕೊಂದವರು, ಇವು ನಾಲ್ಕು ಬೇರೆ ಪಟ್ಟಿಗಳು. ಹದಿಮೂರರ ಹುಡುಗ ಕಡತ ಇಳಿಸಿಕೊಂಡರೂ ಕೆಲವು ದೇಶಗಳಲ್ಲಿ ಅಪರಾಧ. ಸಿಕ್ಕಿಬೀಳುವುದೂ ಅವನೇ ಬೇಗ, ಏಕೆಂದರೆ ಅವನಿಗೆ ಅಡಗಿಕೊಳ್ಳಲು ಬರುವುದಿಲ್ಲ. ಬಲೆ ಹಾಕಿದ ಕಡೆ ಮೀನು ಹೆಚ್ಚು ಕಾಣುತ್ತದೆ.

ಇನ್ನೊಂದು ಪ್ರಶ್ನೆ, ಇದಕ್ಕೆ ಉತ್ತರ ಹೇಳಿ. ವರ್ಷಗಟ್ಟಲೆ ಅಂಚೆಯಲ್ಲಿ ಬಾಂಬು ಕಳಿಸುತ್ತಿದ್ದ ಅಮೆರಿಕದ ‘ಯೂನಬಾಂಬರ್’ ಮೊದಲ ಬಾಂಬು ಇಟ್ಟದ್ದು 1978ರಲ್ಲಿ, ಆಗ ಅವನಿಗೆ 36. ಸಿಕ್ಕಿದ್ದು 1996ರಲ್ಲಿ, ಆಗ 53. ನಿಮ್ಮ ಕೋಷ್ಟಕದ ‘ವಯಸ್ಸು’ ಎನ್ನುವ ಕಾಲಂನಲ್ಲಿ ಏನು ಬರೆಯುತ್ತೀರಿ?

ತಕ್ಕಡಿ

ಅವನ ಪ್ರಬಂಧ 1995ರಲ್ಲಿ ಪತ್ರಿಕೆಯಲ್ಲಿ ಅಚ್ಚಾದಾಗ ಅದರ ಧಾಟಿಯನ್ನು ಗುರುತಿಸಿದವರು ಯಾರೆಂದೂ ಬರೆಯಿರಿ, ಸರ್. ಅವನ ತಮ್ಮ. ತಮ್ಮನಿಗಿಂತ ಮೊದಲು ಅನುಮಾನಪಟ್ಟವಳು ತಮ್ಮನ ಹೆಂಡತಿ. ಹದಿನೇಳು ವರ್ಷ ಪೊಲೀಸರಿಗೆ ಸಿಗದ ಸುಳಿವು ಮನೆಯಲ್ಲಿತ್ತು.

ಅರೆನಿದ್ದೆ

ಮಕ್ಕಳನ್ನು ಬಾಂಬು ಕಟ್ಟಿ ಕಳಿಸುತ್ತಾರಲ್ಲ, ಅವರನ್ನೂ ಈ ವಯಸ್ಸಿನ ಪಟ್ಟಿಗೆ ಸೇರಿಸುತ್ತೀರಾ?

ಮೂರನೆಯ ಬೆಂಚು

ಖಂಡಿತ ಸೇರಿಸಬಾರದು. ಬೊಕೊ ಹರಾಮ್ ಎನ್ನುವ ಉಗ್ರ ಸಂಘಟನೆ ನೈಜೀರಿಯಾ ಮತ್ತು ಸುತ್ತಲ ದೇಶಗಳಲ್ಲಿ 2014ರಿಂದ ಹೀಗೆ ಬಳಸಿದ ಮಕ್ಕಳು 117 ಎಂದು ಯುನಿಸೆಫ್ 2017ರಲ್ಲಿ ಲೆಕ್ಕ ಕೊಟ್ಟಿತು, ಹೆಚ್ಚಿನವರು ಹೆಣ್ಣುಮಕ್ಕಳು. ಅಪಹರಿಸಿ ತಂದ ಮಗುವಿನ ಮೈಗೆ ಸ್ಫೋಟಕ ಕಟ್ಟಿದರೆ ಆ ಮಗು ದಾಳಿಕೋರನಲ್ಲ. ಪಟ್ಟಿಗೆ ಸೇರಿಸಬೇಕಾದದ್ದು ಕಟ್ಟಿದವನ ವಯಸ್ಸು.

ಹಳೆಯ ಕೊಡೆ

ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಎಂದು.

ನನ್ನ ಚಿಕ್ಕಪ್ಪನಿಗೆ 61. ಎರಡು ವರ್ಷದ ಹಿಂದೆ ಚಿಕ್ಕಮ್ಮ ತೀರಿಕೊಂಡರು. ಅದಕ್ಕೆ ಮೊದಲು ಚಿಕ್ಕಪ್ಪ ನಮ್ಮ ಮನೆತನದ ಅತ್ಯಂತ ಸಪ್ಪೆ ಮನುಷ್ಯ. ಗಡಿಯಾರ ರಿಪೇರಿ ಅವರ ಹವ್ಯಾಸ, ಮಾತು ಎಂದರೆ ಹವಾಮಾನ. ನಿವೃತ್ತಿಯ ಹಣದ ವಿಷಯದಲ್ಲಿ ಒಂದು ಕಚೇರಿಯ ಜೊತೆ ವ್ಯಾಜ್ಯ ಶುರುವಾಯಿತು. ಹತ್ತಾರು ಅರ್ಜಿ, ಹತ್ತಾರು ಅಲೆದಾಟ. ಮೊದಲು ಒಬ್ಬ ಅಧಿಕಾರಿಯ ಮೇಲೆ ಸಿಟ್ಟು. ಆಮೇಲೆ ಆ ಅಧಿಕಾರಿಯ ಜನರ ಮೇಲೆ. ‘ಜನರು’ ಎಂದರೆ ಯಾರೆಂದು ನಿಮಗೆ ಅರ್ಥವಾಗುತ್ತದೆ. ಮೊಬೈಲಿನಲ್ಲಿ ರಾತ್ರಿ ಎರಡು ಗಂಟೆಯವರೆಗೆ ವಿಡಿಯೊ, ಬೆಳಿಗ್ಗೆ ಕುಟುಂಬದ ಗುಂಪಿಗೆ ಅದರದೇ ರವಾನೆ. ನಾವು ಏನು ಮಾಡಿದೆವು ಗೊತ್ತೇ? ಗುಂಪಿನ ಸದ್ದನ್ನು ನಿಲ್ಲಿಸಿಕೊಂಡೆವು.

ಕಳೆದ ತಿಂಗಳು ಹೋದಾಗ ಗಡಿಯಾರಗಳ ಮೇಜಿನ ಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕ. ಅವರು ಎದ್ದು ನೀರು ತರಲು ಒಳಗೆ ಹೋದಾಗ ಕಣ್ಣಾಡಿಸಿದೆ. ಒಂದು ಕಾರಿನ ನಂಬರು, ಅದರ ಕೆಳಗೆ ಸಾಲಾಗಿ ಸಮಯ. 9.40. 9.35. 9.50. 9.40. ಗಡಿಯಾರ ರಿಪೇರಿ ಮಾಡುವವರ ಅಚ್ಚುಕಟ್ಟಾದ ಅಕ್ಷರ.

ಅವರು ಏನನ್ನೂ ಮಾಡುವವರಲ್ಲ ಎಂದು ಅಪ್ಪ ಹೇಳುತ್ತಾರೆ. “ಈ ವಯಸ್ಸಿನಲ್ಲಿ ಅವನೇನು ಮಾಡಿಯಾನು?” ಎಂದು. ನನಗೂ ಹಾಗೆಯೇ ಅನ್ನಿಸಿತ್ತು, ನೀಲಿಶಾಯಿ ಅವರ 14ರಿಂದ 87 ಎನ್ನುವ ಸಾಲನ್ನು ಓದುವವರೆಗೆ. ಮಿಸ್ ಹೇಳಿದ ಹುಡುಗನ ಹಾಳೆಯನ್ನು ನೋಡಲು ಒಬ್ಬಳು ಸಹಪಾಠಿ ಇದ್ದಳು, ಅವಳು ಹೋಗಿ ನಿಲ್ಲಲು ಒಂದು ಬಾಗಿಲಿತ್ತು. ಅರವತ್ತೊಂದರ ಮನುಷ್ಯನ ಪುಸ್ತಕ ನೋಡಿದವನು ಯಾರ ಬಾಗಿಲಿಗೆ ಹೋಗಬೇಕು?

ಮರುಓದು

ಹಳೆಯ ಕೊಡೆ ಅವರೇ, ಹೆದರಿಸಲು ಹೇಳುತ್ತಿಲ್ಲ, ಆದರೆ ನಿಮ್ಮ ತಂದೆಯವರ ಆ ವಾಕ್ಯ ಬಹಳ ಕಡೆ ಸುಳ್ಳಾಗಿದೆ. 2009ರಲ್ಲಿ ವಾಷಿಂಗ್ಟನ್ನಿನ ಯಹೂದಿ ಹತ್ಯಾಕಾಂಡ ಸ್ಮಾರಕ ವಸ್ತುಸಂಗ್ರಹಾಲಯದ ಕಾವಲುಗಾರನನ್ನು ಕೊಂದವನಿಗೆ 88. 2017ರಲ್ಲಿ ಬೇಸ್‌ಬಾಲ್ ಅಭ್ಯಾಸ ಮಾಡುತ್ತಿದ್ದ ಅಮೆರಿಕದ ಸಂಸದರ ಮೇಲೆ ಗುಂಡು ಹಾರಿಸಿದವನಿಗೆ 66. 2023ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿ ಪಾರ್ಕ್ ನೃತ್ಯಶಾಲೆಯಲ್ಲಿ 11 ಜನರನ್ನು ಕೊಂದವನಿಗೆ 72. ಜರ್ಮನಿಯ ಸರ್ಕಾರವನ್ನೇ ಉರುಳಿಸಲು ಸಂಚು ಹೂಡಿದ ಆರೋಪದ ಮೇಲೆ 2022ರ ಡಿಸೆಂಬರಿನಲ್ಲಿ ಬಂಧಿತನಾದ ಗುಂಪಿನ ಮುಖ್ಯಸ್ಥ 71ರ ರಾಜವಂಶಸ್ಥ. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿ ಬಂಧಿತರಾದವರನ್ನು ಷಿಕಾಗೊ ವಿಶ್ವವಿದ್ಯಾಲಯದವರು ಎಣಿಸಿದಾಗ ಮೂರನೆಯ ಎರಡು ಪಾಲು 35 ದಾಟಿದವರು.

ಅರೆನಿದ್ದೆ

ನನ್ನ ಮೊದಲಿನ ಮಾತನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಪೂರ್ತಿ ಅಲ್ಲ, ಅರ್ಧ.

ತಕ್ಕಡಿ

ಕಾನೂನು ಕೂಡ ಅರೆನಿದ್ದೆ ಅವರ ಹಾಗೆಯೇ ಯೋಚಿಸುತ್ತದೆ. 2002ರಲ್ಲಿ ಜರ್ಮನಿಯ ಎರ್‌ಫರ್ಟ್ ಶಾಲೆಯಲ್ಲಿ 19ರ ಯುವಕ 16 ಜನರನ್ನು ಕೊಂದ ಮೇಲೆ, ಬಂದೂಕು ಬೇಕೆನ್ನುವ 25ರ ಕೆಳಗಿನವರು ಮಾನಸಿಕ ಪರೀಕ್ಷೆಯ ಪ್ರಮಾಣಪತ್ರ ತರಬೇಕೆಂದು ನಿಯಮ ಮಾಡಿದರು. 2020ರಲ್ಲಿ ಅದೇ ದೇಶದ ಹನಾವ್‌ನಲ್ಲಿ ಒಂಬತ್ತು ಜನರನ್ನು ದ್ವೇಷದಿಂದ ಕೊಂದವನಿಗೆ 43, ಪರವಾನಗಿಯೂ ಇತ್ತು. ನಿಯಮ ತಪ್ಪು ಎನ್ನುತ್ತಿಲ್ಲ. ಬೇಲಿಯನ್ನು ಹಿಂದಿನ ಕಳ್ಳ ಬಂದ ಕಡೆ ಕಟ್ಟುತ್ತೇವೆ.

ಮೂರನೆಯ ಬೆಂಚು

ಹಳೆಯ ಕೊಡೆ ಅವರೇ, ಒಳ್ಳೆಯ ಕೆಲಸ ಮಾಡಿದಿರಿ, ಬರೆದದ್ದು. ಬೀಜಗಣಿತ ಸರ್ ಹೇಳಿದ ಆ 119 ಒಂಟಿ ದಾಳಿಕೋರರ ಅಧ್ಯಯನದಲ್ಲಿಯೂ ಸುಮಾರು ಶೇಕಡಾ 64ರಷ್ಟು ಪ್ರಕರಣಗಳಲ್ಲಿ ಮನೆಯವರಿಗೋ ಸ್ನೇಹಿತರಿಗೋ ಉದ್ದೇಶ ತಿಳಿದಿತ್ತು. ‘ಒಂಟಿ’ ಎನ್ನುವ ಪದಕ್ಕೆ ಮೋಸಹೋಗಬೇಡಿ.

ವಯಸ್ಸು ನನಗೆ ಅಪಾಯದ ಅಳತೆಗೋಲಲ್ಲ. ಯಾರ ಕಿವಿಗೆ ಬೀಳಬಹುದು ಎನ್ನುವುದನ್ನು ಅದು ಹೇಳುತ್ತದೆ. ಹದಿನೈದರವನ ಮಾತು ಬೆಂಚಿನ ಪಕ್ಕದವನಿಗೆ, ಮೂವತ್ತೈದರವನದು ಹೆಂಡತಿಗೆ ಅಥವಾ ಸಹೋದ್ಯೋಗಿಗೆ, ಅರವತ್ತರವನದು ಯಾರಿಗೂ ಇಲ್ಲ, ಅಥವಾ ಸದ್ದು ನಿಲ್ಲಿಸಿದ ಒಂದು ಗುಂಪಿಗೆ. ಸೌತ್‌ಪೋರ್ಟಿನವನನ್ನು 13ರ ವಯಸ್ಸಿನಿಂದ ಮೂರು ಬಾರಿ ಉಗ್ರವಾದ ತಡೆಯುವ ಸರ್ಕಾರಿ ಯೋಜನೆಗೆ ಕಳಿಸಿದ್ದರು. ನಿರ್ದಿಷ್ಟ ಸಿದ್ಧಾಂತ ಕಾಣುತ್ತಿಲ್ಲವೆಂದು ಮೂರು ಬಾರಿಯೂ ಕಡತ ಮುಚ್ಚಿದರು. ಕಿವಿಗೆ ಬಿದ್ದಿತ್ತು, ಕೇಳಿಸಿಕೊಂಡವರಿರಲಿಲ್ಲ.

ಈಗ ನಿಮ್ಮ ಚಿಕ್ಕಪ್ಪನ ವಿಷಯ. ನನಗೆ ನಾಲ್ಕು ಸಂಗತಿ ಬೇಕು. ಮನೆಯಲ್ಲಿ ಆಯುಧ ಇದೆಯೇ, ಅಥವಾ ಕೊಳ್ಳುವ ಮಾತು ಆಡಿದ್ದಾರೆಯೇ? ಆ ಸಮಯಗಳನ್ನು ಬರೆಯಲು ಅವರು ನಿಜವಾಗಿ ಹೋಗಿ ನಿಲ್ಲುತ್ತಿದ್ದಾರೆಯೇ? ವಸ್ತುಗಳನ್ನು ಹಂಚುವುದು, ಸಾಲ ತೀರಿಸುವುದು, ‘ಇನ್ನು ಸಾಕು’ ಎನ್ನುವಂಥ ಮಾತು ಇದೆಯೇ? ನಿದ್ದೆ ಹೇಗಿದೆ? ವಾದ ಮಾಡಲು ಹೋಗಬೇಡಿ. ವಿಡಿಯೊ ಸುಳ್ಳು ಎಂದು ಸಾಬೀತು ಮಾಡಲು ಹೋಗಲೇಬೇಡಿ. ಆಯುಧ ಎನ್ನುವ ಮೊದಲ ಪ್ರಶ್ನೆಗೆ ಉತ್ತರ ‘ಹೌದು’ ಆಗಿದ್ದರೆ ಇಲ್ಲಿಗೆ ಬರೆಯುವ ಮೊದಲು ಪೊಲೀಸರಿಗೆ ಹೇಳಿ, ಚಿಕ್ಕಪ್ಪ ಎಂದು ನೋಡಬೇಡಿ.

ನೀಲಿಶಾಯಿ

ವಾದ ಗೆಲ್ಲಲು ಶುರು ಮಾಡಿದ ಬರಹ ಎಲ್ಲಿಗೋ ಬಂದು ನಿಂತಿತು. ಹಳೆಯ ಕೊಡೆ ಅವರೇ, ಹೋಗಿ ಬಂದ ಮೇಲೆ ಒಂದು ಸಾಲು ಬರೆಯಿರಿ.

ಹಳೆಯ ಕೊಡೆ

ಹೋಗಿ ಬಂದೆ. ನನ್ನ ಕೆಟ್ಟುಹೋದ ಕೈಗಡಿಯಾರವನ್ನು ನೆಪಕ್ಕೆ ಒಯ್ದಿದ್ದೆ. ಕನ್ನಡಕ ಏರಿಸಿ, ಹಿಂಬದಿಯ ಮುಚ್ಚಳ ತೆಗೆದು, ಮುಕ್ಕಾಲು ಗಂಟೆ ಅದರೊಳಗೇ ಇದ್ದರು. ಮಾತು ಅವರಾಗಿಯೇ ಆಡಿದರು, ಚಿಕ್ಕಮ್ಮನ ಕೊನೆಯ ವಾರದ ಬಗ್ಗೆ. ಎರಡು ವರ್ಷದಲ್ಲಿ ಮೊದಲ ಸಲ. ಆ ವಾರವೂ ಅವರು ಕಚೇರಿಯ ಸಾಲಿನಲ್ಲಿ ನಿಂತಿದ್ದರಂತೆ. ನನಗೆ ತಿಳಿದಿರಲಿಲ್ಲ.

ಆಯುಧ ಇಲ್ಲ. ಆ ಮಾತೂ ಬರಲಿಲ್ಲ. ಸಮಯ ಬರೆಯಲು ಹೋಗಿ ನಿಲ್ಲುತ್ತಿದ್ದದ್ದು ನಿಜ, ಎದುರಿನ ಬಸ್ ನಿಲ್ದಾಣದಲ್ಲಿ. ನಾನೇ ಕೇಳಿದೆ. “ಅವನು ಎಷ್ಟು ತಡವಾಗಿ ಬರುತ್ತಾನೆ ಎಂದು ಲೆಕ್ಕ ಇಡುತ್ತಿದ್ದೇನೆ, ದೂರು ಕೊಡಲು” ಎಂದರು. ನಂಬಬೇಕೋ ಬೇಡವೋ ತಿಳಿಯಲಿಲ್ಲ. ನಿದ್ದೆ ಇಲ್ಲ. ವೈದ್ಯರ ಬಳಿ ಬರಲು ಒಪ್ಪಿದ್ದಾರೆ, ನಿದ್ದೆಯ ಕಾರಣಕ್ಕೆ ಮಾತ್ರ.

ಲೆಕ್ಕದ ಪುಸ್ತಕ ಮೇಜಿನ ಮೇಲೆಯೇ ಇತ್ತು, ಮುಚ್ಚಿ, ಅದರ ಮೇಲೆ ಒಂದು ಗಡಿಯಾರ ಇಟ್ಟಿದ್ದರು. ತೆರೆಯಲಿಲ್ಲ.

ಮೂರನೆಯ ಬೆಂಚು

ವೈದ್ಯರ ದಿನಾಂಕ ಯಾವಾಗ?

ಹಳೆಯ ಕೊಡೆ

ಗುರುವಾರ. ನಾನೇ ಕರೆದುಕೊಂಡು ಹೋಗುತ್ತೇನೆ. ಪುಸ್ತಕದ ವಿಷಯವನ್ನು ವೈದ್ಯರಿಗೆ ಮೊದಲೇ ಪ್ರತ್ಯೇಕವಾಗಿ ಫೋನಿನಲ್ಲಿ ಹೇಳಲೇ?

ಮೂರನೆಯ ಬೆಂಚು

ಹೇಳಿ. ಕಾರಿನ ನಂಬರನ್ನೂ, ಬಸ್ ನಿಲ್ದಾಣವನ್ನೂ ಬಿಡದೆ ಹೇಳಿ.